ಕರಿ ಬೂದಿ ಕೇಳಿದವರಿಗೆ ಬಿಳಿ ಬೂದಿ ಕೊಟ್ಟೆ

ಭತ್ತದ ಹೊಟ್ಟು ಪೂರ್ತಿ ಉರಿದರೆ ಬೂದಿ ಬೆಳ್ಳಗಾಗುತ್ತದೆ, ಅರೆಬರೆ ಉರಿದರೆ ಕರ್ರಗೆ ಉಳಿಯುತ್ತದೆ. ಕಂಪ್ಲಿಯ ರೈಸ್ ಮಿಲ್ಲುಗಳಲ್ಲಿ ಬಾಯ್ಲರ್ ಮುಂದೆ ನಿಂತು ದುಡಿದ ಯಾರನ್ನಾದರೂ ಕೇಳಿ ನೋಡಿ. ಕರಿ ಬೂದಿ ತೆಗೆಯುವುದೆಂದರೆ ನಮಗೆ ನೆಂಟರ ಎಲೆಗೆ ಅರೆಬೆಂದ ಅನ್ನ ಬಡಿಸಿದಷ್ಟು ನಾಚಿಕೆ. ಬೂದಿ ಗುಂಡಿಯ ಹತ್ತಿರ ಹಾದುಹೋಗುವವರು ಬಣ್ಣ ನೋಡಿಯೇ ಹಿಂದಿನ ಪಾಳಿಯವನ ಯೋಗ್ಯತೆ ಹೇಳುತ್ತಿದ್ದರು. ನಾನು ಮೂವತ್ತು ವರ್ಷ ಬಿಳಿ ಬೂದಿ ತೆಗೆದವನು. ನನ್ನ ತಪ್ಪು ಆ ಹೆಮ್ಮೆಯಿಂದ ಶುರುವಾಯಿತು. ಮುಂದುವರಿದದ್ದು ಮಾತ್ರ ಬೇರೆ ಕಾರಣಕ್ಕೆ.

ಮಿಲ್ಲಿನ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದೆ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆಗ ಮಿಲ್ಲಿನ ಮಾಲೀಕರು ಒಬ್ಬ ಮೇಡಂ ಅವರನ್ನು ನನ್ನ ಹತ್ತಿರ ಕಳಿಸಿದರು. ಹೊಸಪೇಟೆಯ ಕಡೆಯವರು, ಮೂವತ್ತರ ಆಸುಪಾಸಿನ ವಯಸ್ಸು. ಹೊಟ್ಟನ್ನು ಸುಟ್ಟು ಅದರಿಂದ ಕೊಳೆ ನೀರು ತಿಳಿ ಮಾಡುವ ವಿಷಯದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದರು. ಹೊಸಪೇಟೆಯ ಹೊರಗೆ ಜೀನ್ಸ್ ಪ್ಯಾಂಟು ತೊಳೆಯುವ ಒಂದು ಯೂನಿಟ್ಟು ಇದೆ. ಅಲ್ಲಿಂದ ದಿನಾ ನೀಲಿ ನೀರು ಹೊರಗೆ ಬರುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ಲೋಟದಷ್ಟು ನೀರಿಗೆ ಅವರ ಕರಿ ಪುಡಿ ಕೆಲಸ ಮಾಡಿತ್ತು. ಇನ್ನು ನಿಜವಾದ ನೀರಿಗೆ, ಬ್ಯಾರಲ್ಲುಗಟ್ಟಲೆ, ಮಾಡಿ ತೋರಿಸಬೇಕಿತ್ತು. ಯೂನಿಟ್ಟಿನ ಮಾಲೀಕರು ಹಿತ್ತಲಲ್ಲಿ ಜಾಗ ಕೊಟ್ಟಿದ್ದರು. ಬೆಂಕಿ ಬಲ್ಲ ಮನುಷ್ಯನೊಬ್ಬ ಬೇಕಿತ್ತು.

ನಾನು ಒಪ್ಪಿದೆ. ಯೂನಿಟ್ಟಿನ ಹಿಂದೆ ತಗಡಿನ ಖೋಲಿಯೊಂದು ಇತ್ತು, ಅಲ್ಲೇ ಇರತೊಡಗಿದೆ. ಒಳಗಿನ ಕೆಲಸಗಾರರೆಲ್ಲ ದೊಡ್ಡ ಮಿಷನ್ನುಗಳ ಸದ್ದಿನಲ್ಲಿ ಇರುವವರು. ಹೊರಗೆ ಬಂದರೂ ಕಿವಿ ಕೇಳಿಸದವರಂತೆ ಓಡಾಡುತ್ತಿದ್ದರು. ಒಂದೊಂದು ದಿನ ನಾನು ಚಹಾದಂಗಡಿಯವನಿಗೆ ‘ಒಂದ್ ಚಾ’ ಎಂದದ್ದನ್ನು ಬಿಟ್ಟರೆ ಬೇರೆ ಮಾತೇ ಆಡಿರುತ್ತಿರಲಿಲ್ಲ. ಗುರುವಾರ ಮಾತ್ರ ಮೇಡಂ ಬರುತ್ತಿದ್ದರು.

ಕೆಲಸ ಹೀಗಿತ್ತು. ಕಂಪ್ಲಿಯಿಂದ ಬಂದ ಹೊಟ್ಟನ್ನು ಜಾಲಿಸಿ, ಮಣ್ಣು ತೆಗೆದು, ಒಂದು ಕಬ್ಬಿಣದ ಬ್ಯಾರಲ್ಲಿಗೆ ಒತ್ತಿ ತುಂಬುವುದು. ಮುಚ್ಚಳದಲ್ಲಿ ಬೆರಳು ಹೋಗುವಷ್ಟು ಒಂದೇ ತೂತು. ಬ್ಯಾರಲ್ಲಿನ ಸುತ್ತ ಹೊರಗಿನಿಂದ ಬೆಂಕಿ ಹಾಕುವುದು, ಒಳಗಿನ ಹೊಟ್ಟಿಗೆ ಉರಿ ತಾಗಕೂಡದು. ಮೊದಲು ತೂತಿನಿಂದ ಬಿಳಿ ಹಬೆ ಬರುತ್ತದೆ, ಆಮೇಲೆ ಗಂಟಲು ಕೆರೆಯುವ ಹಳದಿ ಹೊಗೆ, ಕೊನೆಗೆ ಹೊಗೆ ತೆಳ್ಳಗಾಗಿ ಕಾಣಿಸಿಯೂ ಕಾಣಿಸದಂತಾಗುತ್ತದೆ. ಆಗ ತೂತಿಗೆ ಹಸಿ ಮಣ್ಣು ಮೆತ್ತಿ ಬೆಂಕಿ ಎಳೆಯಬೇಕು. ಬ್ಯಾರಲ್ಲು ಪೂರ್ತಿ ತಣ್ಣಗಾಗುವವರೆಗೆ, ಅಂದರೆ ಮರುದಿನದ ಮಧ್ಯಾಹ್ನದವರೆಗೆ, ಮುಚ್ಚಳ ಮುಟ್ಟುವಂತಿಲ್ಲ. ಬಿಸಿ ಇರುವಾಗ ತೆರೆದರೆ ಗಾಳಿ ಹೊಕ್ಕು ಒಳಗಿನ ಕರಿಯೆಲ್ಲ ಉರಿದು ಬೆಳ್ಳಗಾಗಿಬಿಡುತ್ತದೆ. ಆ ಕರಿಯನ್ನು ಬಿಸಿನೀರಿನಲ್ಲಿ ಐದಾರು ಸಲ, ತೊಳೆದ ನೀರು ಬೆರಳಿಗೆ ಜಾರುವುದು ನಿಲ್ಲುವವರೆಗೆ ತೊಳೆದು, ಬಿಸಿಲಿಗೆ ಒಣಗಿಸಿ, ಜರಡಿ ಹಿಡಿಯಬೇಕು.

ಇನ್ನೊಂದು ಬ್ಯಾರಲ್ಲು ಸೋಸುವುದಕ್ಕೆ. ಕೆಳಗೆ ಜಲ್ಲಿ, ಮೇಲೆ ಮರಳು, ಅದರ ಮೇಲೆ ಮೊಣಕಾಲೆತ್ತರ ಕರಿ, ಮತ್ತೆ ಮರಳು. ತೊಟ್ಟಿಯ ನೀಲಿ ನೀರನ್ನು ನೂಲಿನಷ್ಟು ಸಣ್ಣ ಧಾರೆಯಾಗಿ ಮೇಲಿನಿಂದ ಬಿಡಬೇಕು. ಕೆಳಗಿನ ನಲ್ಲಿಯಿಂದ ಬರುವ ನೀರನ್ನು ಬೆಳಿಗ್ಗೆ ಒಂದು, ಸಂಜೆ ಒಂದು ಬಾಟಲಿಯಲ್ಲಿ ಹಿಡಿದು ಚೀಟಿ ಅಂಟಿಸಿ ಇಡಬೇಕು. ಗುರುವಾರ ಮೇಡಂ ಅವನ್ನು ಕಾಲೇಜಿಗೆ ಒಯ್ದು ಮಿಷನ್ನಿನಲ್ಲಿ ನೋಡುತ್ತಿದ್ದರು.

ಮೊದಲ ಎರಡು ಸಣ್ಣ ತುಂಬುವಿಕೆಗಳಲ್ಲಿ ನೀರು ತಿಳಿಯಾಗಿ ಬಂತು. ಪೂರ್ತಿ ನೀರಿನ ಬಣ್ಣವಲ್ಲ, ಎಳನೀರಿನ ಬಣ್ಣ. ಮೇಡಂ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿ, ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತು ತಮ್ಮ ಡಬ್ಬಿಯ ಚಪಾತಿಯಲ್ಲಿ ಎರಡು ನನಗೆ ಕೊಟ್ಟರು. ಬೆಂಕಿಯ ಬಗ್ಗೆ ಬಹಳ ಕೇಳಿದರು. ಹೊಗೆಯ ಬಣ್ಣ ನೋಡಿ ನಾನು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನನ್ನ ಮಾತನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು.

ಇನ್ನು ದೊಡ್ಡ ತುಂಬುವಿಕೆ. ಒಮ್ಮೆ ತುಂಬಿದ ಕರಿ ಎರಡು ವಾರ ಬಣ್ಣ ಹಿಡಿಯಬೇಕು, ಅದಕ್ಕಿಂತ ಬೇಗ ಸೋತರೆ ಯಾವ ಯೂನಿಟ್ಟಿನವರೂ ಇದನ್ನು ಬಳಸುವುದಿಲ್ಲ ಎಂದು ಅವರ ಗೈಡು ಹೇಳಿದ್ದರಂತೆ. ಎರಡು ವಾರ ಹಿಡಿದರೆ ಅವರ ಕೆಲಸ ಗೆಲ್ಲುತ್ತದೆ, ಇಲ್ಲವಾದರೆ ಹಿತ್ತಲಿನ ಪ್ರಯೋಗ ಮುಚ್ಚಿ ಅವರು ಕಾಲೇಜಿಗೆ ವಾಪಸ್ಸು.

ಅದೇ ವಾರ ಮಿಲ್ಲಿನಲ್ಲಿ ನನ್ನ ಜೊತೆ ಇನ್ನೊಂದು ಪಾಳಿ ನೋಡುತ್ತಿದ್ದ ಹಳೆಯ ಗೆಳೆಯ ಹೊಟ್ಟಿನ ಟ್ರ್ಯಾಕ್ಟರಿನ ಜೊತೆ ಬಂದ. ಒಣಗಲು ಹರವಿದ್ದ ಕರಿಯನ್ನು ಕಾಲಿನಿಂದ ಕೆದಕಿ ನೋಡಿದ.

“ಏನಲೇ, ಮುದುಕ ಆದಮ್ಯಾಗ ಕೈ ಹಿಂಗಾತೇನು? ನಮ್ಮ ಮಿಲ್ಲಿನಾಗ ಇಂಥಾ ಬೂದಿ ತಗದಿದ್ರ ಸಾವ್ಕಾರ ಅದನ್ನ ನಿನ್ನ ಮುಖಕ್ಕ ಬಳೀತಿದ್ದ.”

ಮೇಡಂ ಹೀಗೇ ಕೇಳಿದ್ದಾರೆ ಎಂದೆ. ಅವನು ನಕ್ಕ. “ಅವ್ರು ಪುಸ್ತಕ ಓದ್ಯಾರ. ನೀ ಬೆಂಕಿ ಓದೀಯಲ್ಲೋ.”

ಆ ಮಾತು ಒಳಗೆ ಇಳಿಯಿತು. ನನ್ನ ತಾಯಿ ಹಿತ್ತಾಳೆ ಪಾತ್ರೆ ತಿಕ್ಕುತ್ತಿದ್ದದ್ದು ಬಿಳಿ ಬೂದಿಯಿಂದ. ಕರಿಯಿಂದ ತಿಕ್ಕಿದರೆ ಕೈಯೂ ಪಾತ್ರೆಯೂ ಕಪ್ಪು. ಕೊಳೆ ತೆಗೆಯುವುದು ಬಿಳಿಯೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. ಮೇಡಂಗೆ ಬೆಂಕಿಯ ಮರ್ಮ ಏನು ಗೊತ್ತು, ಮಾಡಿ ತೋರಿಸಿದ ಮೇಲೆ ಹೇಳಿದರಾಯಿತು, ಆಗ ನನ್ನ ಮಾತನ್ನು ಇನ್ನೂ ಜಾಸ್ತಿ ಬರೆದುಕೊಳ್ಳುತ್ತಾರೆ ಎಂದುಕೊಂಡೆ. ದೊಡ್ಡ ತುಂಬುವಿಕೆಗೆ ಸುಟ್ಟ ಆರು ಬ್ಯಾರಲ್ಲುಗಳಲ್ಲಿ ಐದನ್ನು ಬಿಸಿ ಇರುವಾಗಲೇ ತೆರೆದೆ. ಉದ್ದ ಸಲಾಕೆಯಿಂದ ಕೆದರಿ ಗಾಳಿ ಕೊಟ್ಟೆ. ಕೆಂಡ ಕೆಂಪಗಾಗಿ, ಆಮೇಲೆ ಮೇಲಿನಿಂದ ಕೆಳಕ್ಕೆ ಬೆಳ್ಳಗಾಗುತ್ತ ಹೋಯಿತು. ಎಷ್ಟೋ ದಿನದ ಮೇಲೆ ನನ್ನ ಕೈ ಕೆಲಸ ನನಗೆ ಚೆಂದ ಕಂಡಿತು.

ಆದರೆ ಹೇಳಲಿಲ್ಲ. ಬಿಳಿಯನ್ನು ಕೆಳಗೆ ತುಂಬಿ, ಆರನೆಯ ಬ್ಯಾರಲ್ಲಿನ ಕರಿಯನ್ನು ಮೇಲೆ ಒಂದು ಗೇಣು ಹರವಿದೆ. ಗುರುವಾರ, ಮೇಲಿನ ಮರಳು ಹಾಕುವ ಮೊದಲು, ಮೇಡಂ ಬಗ್ಗಿ ನೋಡಿದರು. ಕರ್ರಗಿತ್ತು. ‘ಮಸ್ತ್ ಆಗೇತಿ ತಾತ’ ಎಂದು ಮರಳು ಹಾಕಿಸಿ ನೀರು ಬಿಡಿಸಿದರು.

ಎರಡು ದಿನ ತಿಳಿ ನೀರು ಬಂತು. ಮೂರನೆಯ ದಿನ ಬೆಳಿಗ್ಗೆ ಬಾಟಲಿಯಲ್ಲಿ ಸಣ್ಣಗೆ ನೀಲಿ. ಸಂಜೆಗೆ ತೊಟ್ಟಿಯ ನೀರಿಗೂ ನಲ್ಲಿಯ ನೀರಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಮೇಲಿನ ಗೇಣು ಕರಿ ಹಿಡಿಯುವಷ್ಟು ಹಿಡಿದು ಸೋತಿತ್ತು, ಕೆಳಗಿನ ಬಿಳಿ ಏನನ್ನೂ ಹಿಡಿದಿರಲಿಲ್ಲ. ಅವತ್ತೇ ಫೋನು ಮಾಡಿ ಹೇಳಬಹುದಿತ್ತು. ಬೈಯುತ್ತಿದ್ದರು, ಆದರೆ ಹೊಸ ಕರಿ ಸುಟ್ಟು ತೊಳೆದು ಒಣಗಿಸಲು ಹತ್ತು ದಿನ ಸಾಕಿತ್ತು. ಫೋನು ಕೈಯಲ್ಲಿ ಹಿಡಿದು ಕೂತೆ. ಸೋತಿತು ಎಂದರೆ ಪ್ರಯೋಗ ಮುಚ್ಚುತ್ತದೆ ಎಂಬುದೊಂದೇ ತಲೆಯಲ್ಲಿ ಇತ್ತು.

ಯೂನಿಟ್ಟಿನಲ್ಲಿ ಪ್ಯಾಂಟಿನ ಬಣ್ಣ ತೆಳ್ಳಗೆ ಮಾಡಲು ಬ್ಲೀಚಿನ ನೀರು ಬಳಸುತ್ತಾರೆ, ಹೈಪೋ ಎನ್ನುತ್ತಾರೆ. ಅದರ ನೀಲಿ ಬ್ಯಾರಲ್ಲುಗಳು ನನ್ನ ಖೋಲಿಯಿಂದ ಹತ್ತು ಹೆಜ್ಜೆಯಲ್ಲಿ ಇದ್ದವು. ಒಂದು ಮಗ್ಗು ತಂದು ಸೋಸಿದ ನೀರು ಬೀಳುವ ತೊಟ್ಟಿಗೆ ಸುರಿದೆ. ಸ್ವಲ್ಪ ಹೊತ್ತಿನಲ್ಲಿ ನೀಲಿ ಹೋಯಿತು. ಬಾಟಲಿ ತುಂಬಿ, ವಾಸನೆ ಹೋಗಲೆಂದು ಮುಚ್ಚಳ ಹಾಕದೆ ಬಿಸಿಲಲ್ಲಿ ಇಟ್ಟೆ. ಆ ಯೂನಿಟ್ಟಿನ ಗೋಡೆ, ಬಾಗಿಲು, ಕೆಲಸಗಾರರ ಕೂದಲು, ಎಲ್ಲದಕ್ಕೂ ಅದೇ ವಾಸನೆ. ಯಾರಿಗೆ ಅನುಮಾನ ಬರಬೇಕು?

ಎರಡು ವಾರ ಮುಗಿಯುವವರೆಗೆ ಹಾಗೇ ಮಾಡಿದೆ. ದಿನಾ ಅಲ್ಲ. ಯೂನಿಟ್ಟಿನಲ್ಲಿ ಕೆಲಸ ಕಡಿಮೆ ಇದ್ದ ದಿನ ನೀರೇ ತೆಳ್ಳಗಿರುತ್ತಿತ್ತು, ಆಗ ಹಾಕುತ್ತಿರಲಿಲ್ಲ. ಯಾವ ದಿನ ಹಾಕಿದೆ, ಯಾವ ದಿನ ಹಾಕಲಿಲ್ಲ ಎಂದು ಬರೆದಿಡಲಿಲ್ಲ. ಮಾಡುವ ಮೋಸಕ್ಕೆ ಯಾರು ಲೆಕ್ಕ ಇಡುತ್ತಾರೆ?

ಹದಿನಾಲ್ಕು ದಿನ ಮುಗಿದಾಗ ಮೇಡಂ ಬಹಳ ಸಂತೋಷಪಟ್ಟರು. ಇನ್ನು ಒಂದೇ ಹಂತ ಉಳಿದಿತ್ತು, ಈ ನೀರನ್ನು ಗಿಡಕ್ಕೆ ಹಾಕಿ ನೋಡುವುದು. ಯೂನಿಟ್ಟಿನ ಕೆಳಗೆ ಇಳಿಜಾರಿನಲ್ಲಿ ಒಬ್ಬ ಹೆಣ್ಣುಮಗಳು ಸೊಪ್ಪು ಬೆಳೆಯುತ್ತಿದ್ದಳು. ಮೆಂತ್ಯ, ಪಾಲಕ, ರಾಜಗಿರಿ, ಪುಂಡಿ. ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ಹೊಸಪೇಟೆಗೆ ಹೋಗಿ ಮಾರಿ ಬರುವವಳು. ಬಾವಿಯಲ್ಲಿ ನೀರು ಕಮ್ಮಿಯಾಗಿತ್ತು. ಮೇಡಂ ಕಾಗದಗಳನ್ನು ತೋರಿಸಿ, ಅಂಕಿಗಳನ್ನು ಓದಿ, ನಾಲ್ಕು ಮಡಿಗೆ ಮಾತ್ರ ಹಾಕಿ ನೋಡೋಣ ಎಂದು ಕೇಳಿದರು. ಅವಳು ಕಾಗದ ನೋಡಲಿಲ್ಲ. ಹಿಂದೆ ನಿಂತಿದ್ದ ನನ್ನ ಕಡೆ ತಿರುಗಿದಳು.

“ದಿನಾ ಅಲ್ಲೇ ಇರೋನು ನೀನು. ನೀ ಹೇಳಣ್ಣ, ಹಾಕ್ಲ್ಯಾ?”

ನಾನು “ಹಾಕ್ ತಂಗಿ, ಏನಾಗಂಗಿಲ್ಲ” ಎಂದೆ.

ಈ ಬರಹದಲ್ಲಿ ನಾನು ಒಪ್ಪಿಕೊಳ್ಳುತ್ತಿರುವ ಎಲ್ಲದರಲ್ಲಿ ಆ ಒಂದು ಮಾತೇ ದೊಡ್ಡದು. ಬೂದಿಯದು ಹುಂಬತನ, ಬಾಟಲಿಯದು ಕಳ್ಳತನ. ಇದು ಮಾತ್ರ ನಂಬಿ ಕೇಳಿದವರ ಎದುರು ನಿಂತು, ಕಣ್ಣು ನೋಡಿ ಆಡಿದ ಸುಳ್ಳು. ಗಿಡಕ್ಕೆ ಹೋಗುವ ನೀರಿಗೆ ಹೈಪೋ ಕಮ್ಮಿ ಹಾಕಿದರಾಯಿತು ಎಂದು ಅಂದುಕೊಂಡಿದ್ದೆ. ಹಾಕುವುದನ್ನು ನಿಲ್ಲಿಸಿದರೆ ಅವಳ ಮಡಿಗೆ ಹರಿಯುವ ಕಾಲುವೆಯಲ್ಲಿ ನೀಲಿ ಕಾಣಿಸುತ್ತಿತ್ತು. ಆದ್ದರಿಂದ ನಿಲ್ಲಿಸಲಿಲ್ಲ.

ನಾಲ್ಕನೆಯ ದಿನಕ್ಕೆ ಮೆಂತ್ಯದ ಎಲೆಯ ಅಂಚು ಬೆಳ್ಳಗಾಯಿತು. ವಾರ ತುಂಬುವುದರೊಳಗೆ ನಾಲ್ಕೂ ಮಡಿ ಬಿಸಿನೀರು ಎರಚಿದ ಹಾಗೆ ಮಲಗಿದವು. ಕಾಲುವೆಯ ನೀರು ಹಬ್ಬಿ ಪಕ್ಕದ ಎರಡು ಮಡಿಗಳೂ ಹೋದವು.

ಮೇಡಂ ಗುರುವಾರದವರೆಗೆ ಕಾಯದೆ ಓಡಿ ಬಂದರು. ಎಲೆ ಮುರಿದು ನೋಡಿದರು, ಮಣ್ಣು ಮೂಸಿದರು. ಮಡಿಯ ಬದುವಿನ ಮೇಲೆ ಕೂತರು. ನಾನು ಜರಡಿ ಹಿಡಿದುಕೊಂಡು ನಿಂತಿದ್ದೆ.

“ಬೂದಿಯೊಳಗಿನ ಕ್ಷಾರ ಪೂರ್ತಿ ತೊಳದು ಹೋಗಿಲ್ಲ ಅನಸ್ತೈತಿ ತಾತ. ನಿಮ್ಮ ತಪ್ಪಲ್ಲ. ತೊಳಿಯೂದು ಎಷ್ಟು ಸಲ ಅಂತ ನಾನೇ ಕಮ್ಮಿ ಹೇಳೀನಿ.”

ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಹೊತ್ತು ಬರುವುದಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಜರಡಿಯನ್ನು ಇನ್ನೊಂದು ಕೈಗೆ ಬದಲಿಸಿದೆ, ಅಷ್ಟೆ. ಮೇಡಂ ಸೊಪ್ಪಿನ ಹೆಣ್ಣುಮಗಳ ಮುಂದೆ ಹೋಗಿ ಕೈ ಮುಗಿದು ನಿಂತರು.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಹೊಟ್ಟಿನ ಕರಿ ಎರಡು ವಾರ ಬಣ್ಣ ಹಿಡಿಯುತ್ತದೆ, ಆದರೆ ಆ ನೀರು ಗಿಡಕ್ಕೆ ಆಗುವುದಿಲ್ಲ ಎಂದು ಮೇಡಂ ಬರೆದು ಮುಗಿಸಿದರು. ಎರಡೂ ಸುಳ್ಳು, ಎರಡೂ ನಾನು ಕೊಟ್ಟದ್ದು. ಯೂನಿಟ್ಟಿನವರು ಸೋಸುವ ಬ್ಯಾರಲ್ಲನ್ನು ಮಗುಚಿ ಹಾಕಿದರು. ಅದರ ಹೊಟ್ಟೆಯಿಂದ ಬಿಳಿ ಬೂದಿ ನೆಲಕ್ಕೆ ಚೆಲ್ಲಿದಾಗ ಅಲ್ಲಿ ನನ್ನೊಬ್ಬನನ್ನು ಬಿಟ್ಟು ಅದರ ಅರ್ಥ ತಿಳಿದವರು ಯಾರೂ ಇರಲಿಲ್ಲ. ಮೇಡಂಗೆ ಸಂಡೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಹೋಗುವಾಗ ನನಗೆ ಒಂದು ಶಾಲು ಕೊಟ್ಟರು. ನಾನು ಅದೇ ಖೋಲಿಯಲ್ಲಿ ವಾಚ್‌ಮನ್ ಆಗಿ ಉಳಿದೆ. ಕಂಪ್ಲಿಗೆ ಹೋದರೂ ಮಾತಾಡಲು ಯಾರಿದ್ದರು?

ಗುರುವಾರಗಳು ಬಂದು ಹೋದವು. ಮೊದಮೊದಲು ಆ ದಿನ ಗಡ್ಡ ಬೋಳಿಸಿಕೊಳ್ಳುತ್ತಿದ್ದೆ, ಆಮೇಲೆ ಅದೂ ನಿಂತಿತು. ಹೀಗೆ ಒಂದು ವರ್ಷದ ಮೇಲಾಯಿತು.

ಒಂದು ಬೆಳಿಗ್ಗೆ ಸೊಪ್ಪಿನ ಹೆಣ್ಣುಮಗಳು ಗೇಟಿನ ಹತ್ತಿರ ಬಂದು ಒಂದು ಸಿವುಡು ಮೆಂತ್ಯ ನನ್ನ ಕೈಗೆ ಕೊಟ್ಟಳು. ಆ ಮಡಿಗಳಲ್ಲಿ ಈಗ ಮತ್ತೆ ಚಿಗುರು ಬಂದಿದೆ, ಮೊದಲ ಕೊಯ್ಲು ಎಂದಳು. “ತಗೋ ಅಣ್ಣ. ನಿನಗರ ಏನ್ ಗೊತ್ತಿತ್ತು ಪಾಪ, ಅವ್ರು ಹೇಳಿದಂಗ ನೀ ಹೇಳಿದಿ.”

ಆ ಸೊಪ್ಪನ್ನು ನಾನು ಒಲೆಗೆ ಏರಿಸಲಾರದೆ ಹೋದೆ. ಸಂಜೆಗೆ ಅದು ಬಾಡಿತು. ಅದನ್ನು ಹಿಡಿದುಕೊಂಡೇ ಕೆಳಗಿಳಿದು ಅವಳ ಹೊಲಕ್ಕೆ ಹೋದೆ. ಅವಳು ಮರುದಿನದ ಸಂತೆಗೆ ಸಿವುಡು ಕಟ್ಟುತ್ತ ಕೂತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ, ಬಿಳಿ ಬೂದಿಯಿಂದ ಮಗ್ಗಿನವರೆಗೆ. ಅವಳ ಕೈ ನಿಲ್ಲಲಿಲ್ಲ. ಬಾಳೆ ನಾರನ್ನು ಹಲ್ಲಿನಿಂದ ಕಚ್ಚಿ ಗಂಟು ಬಿಗಿಯುತ್ತ ಹೋದಳು. ಕಟ್ಟುವ ಸೊಪ್ಪೆಲ್ಲ ಮುಗಿದ ಮೇಲೆ ಮಾತಾಡಿದಳು.

“ಆ ಮೇಡಂ ನನ್ನ ಮುಂದ ಕೈ ಮುಗುದು ನಿಂತಿದ್ಲು. ಓದಿದಾಕಿ. ಅವತ್ತ ಅಕಿ ಮುಗದದ್ದು ನಿನ್ನ ಕೈ ಅಣ್ಣ. ಅದನ್ನ ನನಗ ಹೇಳಿದ್ರ ಹೆಂಗ? ಅಕಿಗೆ ಹೋಗಿ ಹೇಳು.”

ನನ್ನ ಕೈಯಲ್ಲಿದ್ದ ಬಾಡಿದ ಸಿವುಡನ್ನು ತೆಗೆದುಕೊಂಡು ಎಮ್ಮೆಯ ಮುಂದೆ ಹಾಕಿದಳು.

ಸಂಡೂರಿಗೆ ಎರಡು ಸಲ ಹೋದೆ. ಮೊದಲ ಸಲ ಅದಿರಿನ ಲಾರಿಗಳ ಹಿಂದೆ ಬಸ್ಸು ತೆವಳಿಕೊಂಡು ಹೋಗುವಾಗ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಕಾಲೇಜಿನ ಗೇಟಿನ ಎದುರು ಇಳಿದೆ. ಮೇಡಂ ಹುಡುಗಿಯರ ಗುಂಪಿನ ನಡುವೆ ನಗುತ್ತ ಹೊರಗೆ ಬಂದದ್ದು ಕಾಣಿಸಿತು. ಮರದ ಹಿಂದೆ ಸರಿದೆ. ಅಂಗಿಯ ಮೇಲೆಲ್ಲ ಕೆಂಪು ಧೂಳು ಹೊತ್ತುಕೊಂಡು ಮುಂದಿನ ಬಸ್ಸಿಗೆ ವಾಪಸ್ಸಾದೆ.

ಎರಡನೆಯ ಸಲ ಮಾತು ಜೋಡಿಸಿಕೊಳ್ಳದೆ ಹೋದೆ. ಮೇಡಂ ನನ್ನನ್ನು ನೋಡಿ ಖುಷಿಯಾಗಿ ಎದ್ದು, “ತಾತಾ, ಬರ್ರಿ, ಕುಂದ್ರಿ” ಎಂದು ಕುರ್ಚಿ ಎಳೆದರು. ನೀರು ತರಿಸಿದರು. ನೀರು ಕುಡಿಯದೆ ಹೇಳಿದೆ.

ಅವರ ಮುಖ ಬದಲಾದದ್ದನ್ನು ಬರೆಯಲು ನನಗೆ ಬರುವುದಿಲ್ಲ. ಕಪಾಟಿನಿಂದ ಹಳೆಯ ನೋಟ್‌ಬುಕ್ಕು ತೆಗೆದು, ಆ ಹದಿನಾಲ್ಕು ದಿನಗಳ ಪುಟ ತೆರೆದು ನನ್ನ ಮುಂದೆ ಇಟ್ಟರು.

“ಯಾವ್ಯಾವ ದಿನ ಹಾಕಿದ್ರಿ? ಗುರ್ತು ಹಾಕ್ರಿ.”

ಪೆನ್ನು ಹಿಡಿದು ಕೂತೆ. ಮೂರನೆಯ ದಿನ ಖಂಡಿತ. ನಾಲ್ಕು? ಐದನೆಯ ದಿನ ಯೂನಿಟ್ಟಿಗೆ ರಜೆ ಇತ್ತೋ, ಆರನೆಯ ದಿನವೋ? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಗೊತ್ತಿಲ್ಲ ಎಂದೆ. ಅವರು ಪೆನ್ನು ಇಸಿದುಕೊಂಡು ಪುಟದ ಈ ಮೂಲೆಯಿಂದ ಆ ಮೂಲೆಗೆ ಒಂದು ಗೆರೆ ಎಳೆದರು. ಹಿಂದಿನ ಎರಡು ಸಣ್ಣ ತುಂಬುವಿಕೆಗಳ ಪುಟಗಳನ್ನೂ ತೆಗೆದರು. ಅಲ್ಲಿ ನಾನು ಏನೂ ಹಾಕಿರಲಿಲ್ಲ, ದೇವರಾಣೆ ಎಂದೆ. “ಇರಬಹುದು” ಎಂದು ಅವಕ್ಕೂ ಗೆರೆ ಎಳೆದರು.

ಯಾಕೆ ಮಾಡಿದಿರಿ ಎಂದು ಕೇಳಿದರು. ಬಿಳಿ ಬೂದಿಯ ಹೆಮ್ಮೆ, ಗೆಳೆಯನ ಮಾತು, ಎಲ್ಲ ಹೇಳಿದೆ.

“ಅದು ಬೂದಿಗೆ ಆತು. ಹೈಪೋ ಯಾಕ ಹಾಕಿದ್ರಿ?”

ಅಲ್ಲಿಯವರೆಗೆ ನನಗೆ ನಾನೂ ಹೇಳಿಕೊಂಡಿರದಿದ್ದ ಮಾತು ಬಾಯಿಗೆ ಬಂತು. “ಸೋತ್ರ ನೀವು ಬರೂದು ನಿಲ್ತಿತ್ರಿ. ಗುರುವಾರ ನನ್ನ ಕೂಡ ಮಾತಾಡೋರು ಯಾರೂ ಇರ್ತಿದ್ದಿಲ್ರಿ.”

ಅವರು ನೋಟ್‌ಬುಕ್ಕು ಮುಚ್ಚಿದರು. “ಕರಿ ಬೂದಿ ಎಷ್ಟು ದಿನ ಹಿಡೀತಿತ್ತು ಅನ್ನೂದು ಈಗ ಯಾರಿಗೂ ಗೊತ್ತಿಲ್ಲ ತಾತ. ನನಗೂ ಇಲ್ಲ, ನಿಮಗೂ ಇಲ್ಲ” ಎಂದರು. ನಾನು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು, ಓದಿ ಹೇಳಿ, ನನ್ನಿಂದ ಸಹಿ ಹಾಕಿಸಿಕೊಂಡರು. ಗೈಡಿಗೆ ತಿಳಿಸಬೇಕು ಎಂದರು. ಆಮೇಲೆ ಕ್ಲಾಸಿಗೆ ಹೊತ್ತಾಯಿತು ಎಂದು ಎದ್ದರು. ಮೇಜಿನ ಮೇಲೆ ನೀರಿನ ಲೋಟ ಹಾಗೇ ಇತ್ತು.

ಬಸ್ಸಿನಲ್ಲಿ ಬರುವಾಗ ಅವರ ಆ ಒಂದು ಮಾತೇ ತಲೆಯಲ್ಲಿ ತಿರುಗುತ್ತಿತ್ತು. ಯಾರಿಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಬಹುದಾದ ಕೈ ನನ್ನದೇ ಇತ್ತಲ್ಲ. ಹಿತ್ತಲಿನ ಮೂಲೆ ಬಳಸಲು ಯೂನಿಟ್ಟಿನ ಮಾಲೀಕರನ್ನು ಕೇಳಿದೆ. ನಕ್ಕರು, ಬೇಡ ಎನ್ನಲಿಲ್ಲ. ಮಗುಚಿ ಬಿದ್ದಿದ್ದ ಬ್ಯಾರಲ್ಲನ್ನು ತೊಳೆದೆ. ಕಂಪ್ಲಿಗೆ ಹೋಗಿ ಹೊಟ್ಟು ತಂದೆ. ಗೆಳೆಯ ಸಿಕ್ಕಿದ, ಮತ್ತೆ ಕರಿ ಬೂದಿಯಾ ಎಂದ. ಹೌದು, ಕರಿಯೇ ಎಂದೆ.

ಈ ಸಲ ಒಂದೊಂದು ಬ್ಯಾರಲ್ಲಿಗೂ ಮಣ್ಣು ಮೆತ್ತಿ, ಅದರ ಪಕ್ಕದಲ್ಲಿ ಇರದೆ ಎದ್ದು ಹೋಗಿ ಗೇಟಿನಲ್ಲಿ ಕೂರುತ್ತಿದ್ದೆ. ಹತ್ತಿರ ಇದ್ದರೆ ಕೈ ಮುಚ್ಚಳಕ್ಕೆ ಹೋಗುತ್ತದೆ. ಎಂಟು ಸಲ ತೊಳೆದೆ. ತುಂಬಿ ನೀರು ಬಿಟ್ಟೆ. ಮಿಷನ್ನು ಇಲ್ಲದ್ದರಿಂದ ಬಿಳಿ ಹಾಳೆಯ ಮುಂದೆ ಗಾಜಿನ ಲೋಟ ಹಿಡಿದು ಕಣ್ಣಿಗೆ ಕಂಡದ್ದನ್ನು ಬರೆದೆ. ಯೂನಿಟ್ಟಿನಲ್ಲಿ ಅವತ್ತು ಎಷ್ಟು ಮಿಷನ್ನು ನಡೆದವು, ತೊಟ್ಟಿಯ ನೀರು ಎಷ್ಟು ಗಾಢ ಇತ್ತು, ಅದನ್ನೂ ಬರೆದೆ. ಒಂದನೆಯ ದಿನ ತಿಳಿ. ಎರಡು, ಮೂರು, ನಾಲ್ಕು, ತಿಳಿ. ಐದನೆಯ ದಿನ ಎಳನೀರಿನ ಬಣ್ಣ. ಎಂಟನೆಯ ದಿನದವರೆಗೂ ಅದೇ. ಒಂದು ಬಾಟಲಿ ನೀರನ್ನು ಸೊಪ್ಪಿನ ಹೆಣ್ಣುಮಗಳಿಗೆ ತೋರಿಸಿದೆ. ಅವಳು ನೋಡಿದಳು, ತನ್ನ ಮಡಿಗೆ ಬೇಡ ಎಂದಳು. ಸರಿ ಎಂದು ಖೋಲಿಯ ಮುಂದೆ ಒಡೆದ ಮಡಕೆಯಲ್ಲಿ ನಾನೇ ನಾಲ್ಕು ಕಾಳು ಮೆಂತ್ಯ ಬಿತ್ತಿ ಆ ನೀರನ್ನೇ ಹಾಕತೊಡಗಿದೆ.

ಒಂಬತ್ತನೆಯ ದಿನ ಸಂಜೆ ಲೋಟ ಹಿಡಿದಾಗ ಹಾಳೆಯ ಮೇಲೆ ತೆಳ್ಳಗೆ ಆಕಾಶದ ಬಣ್ಣ ಬಿತ್ತು. ಲೋಟ ತಿರುಗಿಸಿ ನೋಡಿದೆ, ಕನ್ನಡಕ ಒರೆಸಿ ನೋಡಿದೆ. ಹದಿನಾಲ್ಕು ಬೇಕಿತ್ತು. ಹೈಪೋ ಬ್ಯಾರಲ್ಲು ಅಲ್ಲೇ ಇತ್ತು, ಮಗ್ಗು ಅದರ ಮೇಲೆಯೇ ಇತ್ತು.

‘ಒಂಬತ್ತನೇ ದಿನ, ಸಂಜೆ. ನೀಲಿ ಬಂತು’ ಎಂದು ಬರೆದು ಸಹಿ ಹಾಕಿದೆ. ಮರುದಿನ ಹಾಳೆಗಳನ್ನು ಸಂಡೂರಿನ ವಿಳಾಸಕ್ಕೆ ಅಂಚೆಗೆ ಹಾಕಿದೆ. ಈಗ ಎರಡನೆಯ ತುಂಬುವಿಕೆ ನಡೆದಿದೆ, ಅದರ ಹಾಳೆಗಳನ್ನೂ ವಾರಕ್ಕೊಮ್ಮೆ ಕಳಿಸುತ್ತೇನೆ. ಇಲ್ಲಿಯವರೆಗೆ ಉತ್ತರ ಬಂದಿಲ್ಲ. ಅಂಚೆಯವನ ದಾರಿ ನೋಡುವುದನ್ನು ಬಿಟ್ಟಿದ್ದೇನೆ ಎಂದು ಬರೆದರೆ ಅದು ಮತ್ತೊಂದು ಸುಳ್ಳಾಗುತ್ತದೆ.